ಹಾರ್ಡ್ ಡಿಸ್ಕ್ ಚುಚ್ಚಿದ ಕೂಡಲೇ ಮೌಸ್ ತಡವರಿಸಿದರೆ: ಯಾವ ಮದ್ದು, ಯಾರಿಗೆ?

ತಿಪಟೂರಿನಲ್ಲಿ ನನ್ನ ಸೋದರಮಾವನ ಮಗ ಒಂದು ಫೋಟೋ ಸ್ಟುಡಿಯೋ ನಡೆಸುತ್ತಾನೆ. ಮದುವೆ ಸೀಸನ್ನಿನಲ್ಲಿ ಅವನ ಫೋನ್ ಬಂತೆಂದರೆ ಎರಡೇ ಕಾರಣ: ಒಂದೋ ಊಟಕ್ಕೆ ಬಾ ಅಂತ, ಇಲ್ಲವೇ ಕಂಪ್ಯೂಟರ್ ಕೈಕೊಟ್ಟಿದೆ ಅಂತ. ಈ ಸಲದ್ದು ಎರಡನೆಯದು. "ಭಾವ, ಇದು ಮೂರನೇ ಮೌಸು. ಇದರದ್ದೂ ಅದೇ ಹಣೆಬರಹ. ಮದುಮಗಳ ಕೆನ್ನೆ ಮೇಲಿನ ಮೊಡವೆ ತೆಗೆಯೋಣ ಅಂತ ಹೋದರೆ ಮೂಗುಬೊಟ್ಟೇ ಹಾರಿಹೋಗ್ತದೆ" ಅಂದ.

ಹೋಗಿ ನೋಡಿದೆ. ಲ್ಯಾಪ್‌ಟಾಪಿನ ಎಡಗಡೆ ಒತ್ತೊತ್ತಿಗೆ ಎರಡು ಯುಎಸ್‌ಬಿ ಪೋರ್ಟ್. ಒಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟಿರುವ, ವೈರಿಲ್ಲದ ಮೌಸಿನ ಸಂಕೇತ ಹಿಡಿಯುವ ಡಾಂಗಲ್. ಅದಕ್ಕೆ ಅಂಟಿಕೊಂಡ ಹಾಗೆ ಇನ್ನೊಂದರಲ್ಲಿ 2 ಟಿಬಿ ಹಾರ್ಡ್ ಡಿಸ್ಕಿನ ಕೇಬಲ್. ಹಿಂದಿನ ದಿನದ ಆರತಕ್ಷತೆಯ ಫೋಟೋಗಳು ಡಿಸ್ಕಿಗೆ ಕಾಪಿ ಆಗುತ್ತಿದ್ದವು. ಕರ್ಸರ್ ಸ್ವಲ್ಪ ದೂರ ಹೋಗುವುದು, ತಟಸ್ಥವಾಗುವುದು, ಆಮೇಲೆ ಒಮ್ಮೆಲೇ ಮೂರು ಇಂಚು ನೆಗೆಯುವುದು. ಕಾಪಿ ಮುಗಿಸಿ ಡಿಸ್ಕ್ ಕಿತ್ತ. ಮೌಸ್ ಬೆಣ್ಣೆಯ ಹಾಗೆ ಜಾರತೊಡಗಿತು. "ನೋಡು, ನೀನು ಬಂದ ತಕ್ಷಣ ಸರಿಹೋಯ್ತು" ಅಂತ ನನ್ನನ್ನೇ ಕಿಚಾಯಿಸಿದ.

ಮೌಸಿಗೆ ಏನೂ ಆಗಿರಲಿಲ್ಲ. ಮೊದಲಿನ ಎರಡಕ್ಕೂ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಆ ಎರಡು ಪೋರ್ಟುಗಳ ನಡುವಿನ ಸಂದಿಯಲ್ಲಿ. ಇಂಥ ಕೇಸುಗಳನ್ನು ಅಕೌಂಟೆಂಟರ ಮೇಜಿನಲ್ಲಿ, ಡಿಟಿಪಿ ಅಂಗಡಿಯಲ್ಲಿ, ಮನೆಯಿಂದ ಕೆಲಸ ಮಾಡುವವರ ಕೋಣೆಯಲ್ಲಿ ಎಷ್ಟೋ ನೋಡಿದ್ದೇನೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಮೌಸ್ ತರುವುದು. ನನ್ನ ಪ್ರಕಾರ ಅದು ಕಟ್ಟಕಡೆಯದಾಗಬೇಕು. ನಿಮ್ಮ ಮುಂದೆ ಏಳೆಂಟು ದಾರಿಗಳಿವೆ. ಕೆಲವಕ್ಕೆ ಕಾಸೂ ಖರ್ಚಿಲ್ಲ, ಕೆಲವು ದುಬಾರಿಯಾಗಿಯೂ ಕೆಲಸಕ್ಕೆ ಬರುವುದಿಲ್ಲ. ಯಾವುದು ಹೊಂದುತ್ತದೆ ಎನ್ನುವುದು, ಕಂಪ್ಯೂಟರ್ ಯಾವ ಕೆಲಸ ಮಾಡುವಾಗ ಮೌಸ್ ತಡವರಿಸುತ್ತದೆ ಎನ್ನುವುದರ ಮೇಲೆ ನಿಂತಿದೆ.

ಮೊದಲು ಕಳ್ಳ ಯಾರು ಅಂತ ಹಿಡಿಯಿರಿ

ಮೌಸ್ ತಡವರಿಸುತ್ತಿರುವಾಗಲೇ, ಆ ಕೆಲಸ ನಿಲ್ಲಿಸದೆ, ಇನ್ನೊಂದು ಕೈಯಲ್ಲಿ ಟಚ್‌ಪ್ಯಾಡ್ ಮುಟ್ಟಿ ಕರ್ಸರ್ ಓಡಿಸಿ. ಡೆಸ್ಕ್‌ಟಾಪ್ ಆದರೆ ಪಕ್ಕದ ಮನೆಯಿಂದ ಹಳೆಯ ವೈರಿನ ಮೌಸ್ ಒಂದನ್ನು ಐದು ನಿಮಿಷಕ್ಕೆ ತನ್ನಿ. ಟಚ್‌ಪ್ಯಾಡಿನಲ್ಲಿ ಕರ್ಸರ್ ನುಣುಪಾಗಿ ಓಡಿ, ಮೌಸಿನಲ್ಲಿ ಮಾತ್ರ ಎಡವಿದರೆ ತೊಂದರೆ ಗಾಳಿಯಲ್ಲಿದೆ. ಅಂದರೆ ಮೌಸಿನ ರೇಡಿಯೋ ಸಂಕೇತ ಡಾಂಗಲ್‌ಗೆ ಸರಿಯಾಗಿ ಮುಟ್ಟುತ್ತಿಲ್ಲ. ಎರಡರಲ್ಲೂ ಎಡವಿದರೆ ರೇಡಿಯೋವನ್ನು ಮರೆತುಬಿಡಿ, ಕಂಪ್ಯೂಟರೇ ಏದುಸಿರು ಬಿಡುತ್ತಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಫೋಟೋಶಾಪ್ ಹ್ಯಾಂಗ್ ಆಗಿ ಕಿಟಕಿ ಬೆಳ್ಳಗಾದಾಗಲೂ ಕರ್ಸರ್ ಮಾತ್ರ ಅದರ ಮೇಲೆ ಸಲೀಸಾಗಿ ಓಡಾಡುವುದನ್ನು ಗಮನಿಸಿದ್ದೀರಾ? ಕರ್ಸರನ್ನು ಸಾಮಾನ್ಯವಾಗಿ ಗ್ರಾಫಿಕ್ಸ್ ಹಾರ್ಡ್‌ವೇರೇ ಬೇರೆಯಾಗಿ ಬಿಡಿಸುತ್ತದೆ. ಒಂದು ಪ್ರೋಗ್ರಾಮ್ ಕೆಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಹಾಗಾಗಿ ಕ್ಲಿಕ್ ಮಾಡಿದ್ದಕ್ಕೆ ಉತ್ತರ ತಡವಾಗುವುದು ಬೇರೆ, ಕರ್ಸರೇ ಜಿಗಿಯುವುದು ಬೇರೆ. ಮೊದಲನೆಯದಕ್ಕೆ ಮೌಸನ್ನು ಬೈದು ಪ್ರಯೋಜನವಿಲ್ಲ.

ಗಾಳಿಯ ತೊಂದರೆ ಅಂತ ಖಚಿತವಾದ ಮೇಲೆ ಇನ್ನೊಂದು ಪ್ರಶ್ನೆ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಕಾರ್ಡ್ ರೀಡರ್, ಒಂದು ಪೋರ್ಟನ್ನು ಹಲವಾಗಿಸುವ ಟೈಪ್-ಸಿ ಹಬ್ ಇಂಥದ್ದೇನಾದರೂ ಚುಚ್ಚಿದಾಗ ಶುರುವಾಗುತ್ತದೆಯೇ? ಅಥವಾ ವೈಫೈಯಲ್ಲಿ ದೊಡ್ಡದೇನನ್ನಾದರೂ ಇಳಿಸುವಾಗ, ವಿಡಿಯೋ ಕಾಲ್ ಮಾಡುವಾಗಲೇ? ಎರಡಕ್ಕೂ ಮದ್ದು ಬೇರೆಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹಣವೂ ಹೋಗುತ್ತದೆ, ತಲೆಯೂ ಕೆಡುತ್ತದೆ.

ಡಿಸ್ಕಿಗೂ ಮೌಸಿಗೂ ಏನು ಜಗಳ

ಡಾಂಗಲ್ ಮೌಸ್, ಬ್ಲೂಟೂತ್ ಮೌಸ್, ಹಳೆಯ ವೈಫೈ ಎಲ್ಲವೂ ಮಾತಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಲೆಕ್ಕದಲ್ಲಿ ಹೇಳಬೇಕೆಂದರೆ 2400ರಿಂದ 2483.5 ಮೆಗಾಹರ್ಟ್ಸ್ ತನಕ. ಲೈಸೆನ್ಸ್ ಬೇಡದ ಪಟ್ಟಿ ಇದು. ಯಾರೂ ಬಾಡಿಗೆ ಕಟ್ಟದ ಸಂತೆ ಮೈದಾನ, ಆದ್ದರಿಂದಲೇ ಗಿಜಿಗಿಜಿ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಇದೇ ಮೈದಾನದಲ್ಲಿ, 2.45ರ ಆಸುಪಾಸಿನಲ್ಲಿ ಕೂತಿದೆ.

ಡಿಸ್ಕ್ ಜೋಡಿಸುವ ಯುಎಸ್‌ಬಿ 3.0 ರೇಡಿಯೋ ಅಲ್ಲವಲ್ಲ, ಅದಕ್ಕೇನು ಇಲ್ಲಿ ಕೆಲಸ? ಅದರ ವೇಗವೇ ಅದನ್ನು ಇಲ್ಲಿಗೆ ಎಳೆದು ತರುತ್ತದೆ. 2008ರ ಕೊನೆಗೆ ಬಂದ ಈ ಮಾನದಂಡದಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ. ಅಷ್ಟು ಬೇಗ ಸೊನ್ನೆ-ಒಂದು ಬದಲಾಗುವಾಗ ತಂತಿಯಿಂದ, ಅದಕ್ಕಿಂತ ಹೆಚ್ಚಾಗಿ ಪ್ಲಗ್ ಮತ್ತು ಪೋರ್ಟ್ ಕೂಡುವ ಜಾಗದಿಂದ, ಸದ್ದು ಸೋರುತ್ತದೆ. ಆ ಸದ್ದು ಸೊನ್ನೆಯಿಂದ 5 ಗಿಗಾಹರ್ಟ್ಸ್‌ವರೆಗೆ ಅಗಲವಾಗಿ ಹರಡಿಕೊಂಡಿರುತ್ತದೆ. ನಮ್ಮ 2.4 ಅದರ ನಟ್ಟನಡುವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಒಂದು ವರದಿ ಪ್ರಕಟಿಸಿತು. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಜೋಡಿಸಿದಾಗ 2.4 ಪಟ್ಟಿಯಲ್ಲಿನ ಗದ್ದಲ ಹತ್ತಿರಹತ್ತಿರ 20 ಡೆಸಿಬೆಲ್ ಏರಿತ್ತು. 20 ಡೆಸಿಬೆಲ್ ಅಂದರೆ ನೂರು ಪಟ್ಟು. ಡೊಳ್ಳಿನ ಪಕ್ಕ ಕೂತವನ ಕಿವಿಯಲ್ಲಿ ಪಿಸುಗುಟ್ಟಿದರೆ ಏನು ಕೇಳೀತು? ಡಾಂಗಲ್‌ನ ಪಾಡು ಅದೇ. ಮೌಸ್ ಕಳಿಸಿದ್ದು ಅದಕ್ಕೆ ಕೇಳುವುದಿಲ್ಲ, ಮತ್ತೆ ಕಳಿಸಬೇಕು, ಅಷ್ಟರಲ್ಲಿ ಕರ್ಸರ್ ಹಿಂದೆ ಬಿದ್ದಿರುತ್ತದೆ.

ಎರಡು ವಿಷಯ ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮೊದಲನೆಯದು, ಯುಎಸ್‌ಬಿ 3.0ದ ನೀಲಿ ಪೋರ್ಟ್ ತಾನೇ ಪಾಪಿ ಅಲ್ಲ. ಅದಕ್ಕೆ ಡಾಂಗಲ್ ಚುಚ್ಚಿದ ಮಾತ್ರಕ್ಕೆ ಗದ್ದಲ ಶುರುವಾಗುವುದಿಲ್ಲ, ಏಕೆಂದರೆ ಡಾಂಗಲ್ ಹಳೆಯ ನಿಧಾನ ವೇಗದಲ್ಲೇ ಕೆಲಸ ಮಾಡುತ್ತದೆ. ಗದ್ದಲ ಮಾಡುವುದು ಪಕ್ಕದಲ್ಲಿ ಪೂರ್ಣ ವೇಗದಲ್ಲಿ ಓಡುವ ಸಾಧನ. ಎರಡನೆಯದು, ಕಾಪಿ ಆಗದೆ ಸುಮ್ಮನೆ ಜೋಡಿಸಿಟ್ಟಿದ್ದರೂ ಯುಎಸ್‌ಬಿ 3.0 ಕೊಂಡಿ ಬಾಯಿ ಮುಚ್ಚುವುದಿಲ್ಲ. ವಿದ್ಯುತ್ ಉಳಿಸುವ ಸ್ಥಿತಿಗೆ ಜಾರುವವರೆಗೂ ಅದು ಏನಾದರೊಂದು ಗುನುಗುತ್ತಲೇ ಇರುತ್ತದೆ. "ಡಿಸ್ಕ್ ಬರೀ ಹಾಕಿಟ್ಟಿದ್ದೆ, ಏನೂ ಮಾಡಿರಲಿಲ್ಲ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ.

ಎಕ್ಸ್‌ಟೆನ್ಶನ್ ಕೇಬಲ್: ನನ್ನ ಮೊದಲ ಆಯ್ಕೆ

ಡಾಂಗಲನ್ನು ಪೋರ್ಟಿನಿಂದ ಕಿತ್ತು, ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್‌ನ ತುದಿಗೆ ಹಾಕಿ, ಮೌಸ್ ಪ್ಯಾಡಿನ ಪಕ್ಕಕ್ಕೆ ತಂದಿಡುವುದು. ಇಷ್ಟೇ. ಇದು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಡಾಂಗಲ್ ಗದ್ದಲದಿಂದ ದೂರ ಹೋಗುತ್ತದೆ, ಮೌಸಿಗೆ ಹತ್ತಿರ ಬರುತ್ತದೆ. ಕೇಳುವ ಕಿವಿಯನ್ನೇ ಎತ್ತಿ ಪಿಸುಗುಟ್ಟುವ ಬಾಯಿಯ ಬಳಿ ಇಟ್ಟ ಹಾಗೆ. ಬೇರೆ ಉಪಾಯಗಳಲ್ಲಿ ಈ ಎರಡು ಲಾಭ ಇಷ್ಟು ಚೆನ್ನಾಗಿ ಒಟ್ಟಿಗೆ ಸಿಗುವುದು ಅಪರೂಪ.

ಸ್ಟುಡಿಯೋದಲ್ಲಿ ಸ್ಕೇಲ್ ಇಟ್ಟುಕೊಂಡೇ ನೋಡಿದೆವು. ಡಿಸ್ಕಿನ ಪ್ಲಗ್‌ನಿಂದ 3 ಸೆಂಟಿಮೀಟರ್ ದೂರದಲ್ಲಿ ಡಾಂಗಲ್ ಇದ್ದಾಗ ಸರಿಯಾಗಿ ಒಂದು ಸುತ್ತು ಬಿಡಿಸಲೂ ಆಗಲಿಲ್ಲ. 10 ಸೆಂಟಿಮೀಟರಿಗೆ ಒಯ್ದಾಗ ಆಗೊಮ್ಮೆ ಈಗೊಮ್ಮೆ ಮುಗ್ಗರಿಸಿತು. ಒಂದು ಗೇಣು ದಾಟಿದ ಮೇಲೆ ಕಾಪಿ ಆಗುತ್ತಿದೆಯೋ ಇಲ್ಲವೋ ಅಂತ ಮೌಸ್ ನೋಡಿ ಹೇಳಲು ಸಾಧ್ಯವಿರಲಿಲ್ಲ. ನಿಮ್ಮ ಮೇಜಿನಲ್ಲಿ ಅಳತೆ ಕೊಂಚ ಆಚೀಚೆ ಆಗಬಹುದು. ಒಂದು ಗೇಣು ಅಂತ ಇಟ್ಟುಕೊಳ್ಳಿ, ಸಾಲದಿದ್ದರೆ ಎರಡು.

ಕೊಳ್ಳುವಾಗ ಅಂಗಡಿಯವನಿಗೆ "ಯುಎಸ್‌ಬಿ ಮೇಲ್-ಫೀಮೇಲ್ ಎಕ್ಸ್‌ಟೆನ್ಶನ್" ಅಂತಲೇ ಕೇಳಿ. ಬರೀ "ಯುಎಸ್‌ಬಿ ಕೇಬಲ್" ಅಂದರೆ ಪ್ರಿಂಟರ್ ಕೇಬಲ್ ಕಟ್ಟಿ ಕೊಡುತ್ತಾನೆ. 2.0ದೇ ಸಾಕು, 3.0 ಬೇಡ. ಡಾಂಗಲ್‌ಗೆ ಆ ವೇಗದ ಉಪಯೋಗವೇ ಇಲ್ಲ, ಸುಮ್ಮನೆ ದುಡ್ಡು ಜಾಸ್ತಿ. ಒಂದು ಮೀಟರ್ ಉದ್ದ ಯಥೇಚ್ಛ. ನಾನು ತಂದದ್ದು 150 ರೂಪಾಯಿಯದು. ಮೂರು ಮೌಸಿಗೆ ಕೊಟ್ಟ ದುಡ್ಡನ್ನು ನನ್ನ ಭಾಮೈದ ಆಗ ಮನಸ್ಸಿನಲ್ಲೇ ಕೂಡಿಸುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

ಒಂದು ಎಚ್ಚರ. ಈ ಕೇಬಲನ್ನು ಡಿಸ್ಕಿನ ಕೇಬಲ್ ಜೊತೆ ಸೇರಿಸಿ ಟೈ ಹಾಕಿ ಅಂದವಾಗಿ ಕಟ್ಟಬೇಡಿ. ಡಾಂಗಲ್ ಕೊನೆಗೆ ಡಿಸ್ಕಿನ ಮೇಲೆಯೇ ಹೋಗಿ ಕೂತಿರುವುದನ್ನೂ ನೋಡಿದ್ದೇನೆ, ಡಿಸ್ಕ್ ಮೌಸ್ ಪ್ಯಾಡಿನ ಪಕ್ಕ ಇಟ್ಟಿದ್ದ ಪುಣ್ಯಾತ್ಮನ ಮನೆಯಲ್ಲಿ.

ಈ ದಾರಿ ಹೊಂದದಿರುವುದು ಓಡಾಡಿಕೊಂಡು ಕೆಲಸ ಮಾಡುವವರಿಗೆ. ಬಸ್ಸಿನಲ್ಲಿ, ರೈಲಿನಲ್ಲಿ, ಗ್ರಾಹಕರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವವರು ಬಾಲ ಕಟ್ಟಿಕೊಂಡು ತಿರುಗಲಾರರು. ಅವರಿಗೆ ಮುಂದಿನದು.

ಪೋರ್ಟ್ ಬದಲಿಸುವುದು, ಹಬ್ ಹಾಕುವುದು

ಲ್ಯಾಪ್‌ಟಾಪಿನ ಎರಡೂ ಬದಿ ಪೋರ್ಟ್ ಇದ್ದರೆ ಡಿಸ್ಕ್ ಎಡಕ್ಕೆ, ಡಾಂಗಲ್ ಬಲಕ್ಕೆ. ಬಲಗೈಯವರಿಗೆ ಮೌಸೂ ಬಲದಲ್ಲೇ ಇರುವುದರಿಂದ ಇದು ಸರಿಯಾದ ಜೋಡಿ. ಖರ್ಚು ಸೊನ್ನೆ. ಹತ್ತರಲ್ಲಿ ಆರೇಳು ಸಲ ಇಷ್ಟಕ್ಕೇ ಸರಿಹೋಗಿದೆ, ನನ್ನ ಅನುಭವದಲ್ಲಿ. ಎಕ್ಸ್‌ಟೆನ್ಶನ್ ತರಲು ಪೇಟೆಗೆ ಹೊರಡುವ ಮುಂಚೆ ಇದನ್ನೇ ಮಾಡಿ ನೋಡಿ. ತೆಳು ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಪೋರ್ಟ್ ಒಂದೇ ಬದಿ ಇರುತ್ತದೆ, ಅಲ್ಲಿ ಈ ಆಟ ನಡೆಯುವುದಿಲ್ಲ.

ಡೆಸ್ಕ್‌ಟಾಪಿನಲ್ಲಿ ಕಥೆಯೇ ಬೇರೆ. ನಾವೆಲ್ಲ "ಸಿಪಿಯು" ಅಂತ ಕರೆಯುವ ಆ ತಗಡಿನ ಪೆಟ್ಟಿಗೆ ಮೇಜಿನ ಕೆಳಗೆ, ಡಾಂಗಲ್ ಅದರ ಬೆನ್ನಿಗೆ, ಅದರ ಪಕ್ಕ ನಾಲ್ಕಾರು ಕೇಬಲ್ಲುಗಳ ಜಡೆ. ಮೌಸಿನ ಸಂಕೇತ ಮೇಜಿನ ಹಲಗೆ ಮತ್ತು ತಗಡು ಎರಡನ್ನೂ ಬಳಸಿಕೊಂಡು ಹಿಂದಕ್ಕೆ ಹೋಗಬೇಕು. ಮುಂದಿನ ಪೋರ್ಟಿಗೆ ತಂದರೆ ತಗಡಿನ ತೊಂದರೆ ತಪ್ಪುತ್ತದೆ, ಆದರೆ ಪೆನ್‌ಡ್ರೈವ್ ಹಾಕುವುದೂ ಅದರ ಪಕ್ಕದಲ್ಲೇ. ಡೆಸ್ಕ್‌ಟಾಪಿನವರು ಯೋಚಿಸದೆ ಎಕ್ಸ್‌ಟೆನ್ಶನ್ನಿಗೆ ಹೋಗಿ.

ಹಬ್ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಹಳೆಯ ಯುಎಸ್‌ಬಿ 2.0 ಹಬ್‌ಗೆ ಡಾಂಗಲ್ ಹಾಕಿ ದೂರ ಇಟ್ಟರೆ ಅದು ಎಕ್ಸ್‌ಟೆನ್ಶನ್ ಕೆಲಸವನ್ನೇ ಮಾಡುತ್ತದೆ, ಸಂತೋಷ. ಆದರೆ ಈಗ ಎಲ್ಲರ ಮೇಜಿನ ಮೇಲಿರುವುದು ಟೈಪ್-ಸಿ ಹಬ್. ಎಚ್‌ಡಿಎಂಐ, ಕಾರ್ಡ್ ಸ್ಲಾಟ್, ಎರಡು ಮೂರು ಯುಎಸ್‌ಬಿ ಎಲ್ಲವೂ ಒಂದು ಬೆರಳುದ್ದದ ಪಟ್ಟಿಯಲ್ಲಿ. ಡಿಸ್ಕ್, ಡಾಂಗಲ್ ಎರಡನ್ನೂ ಅದಕ್ಕೇ ಚುಚ್ಚಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಹಬ್‌ಗೆ ಡಿಸ್ಕ್ ಇರಲಿ, ಡಾಂಗಲ್ ಲ್ಯಾಪ್‌ಟಾಪಿಗೇ ಇರಲಿ. ಹಬ್‌ನ ಬಾಲ ಉದ್ದ ಇದ್ದಷ್ಟೂ ಒಳ್ಳೆಯದು.

ಡಿಸ್ಕನ್ನೇ ಪಳಗಿಸುವುದು

ಡಾಂಗಲ್ ಬಿಟ್ಟು ಡಿಸ್ಕಿನ ಕಡೆಯಿಂದಲೂ ಹೋಗಬಹುದು. ಒಳ್ಳೆಯ ಕವಚವಿರುವ ಕೇಬಲ್ ಹಾಕಿದರೆ ಸೋರಿಕೆ ಕಡಿಮೆಯಾಗುತ್ತದೆ, ಇದು ನಿಜ. ಆದರೆ ಪೊಟ್ಟಣದ ಮೇಲಿನ ಬರಹ ನೋಡಿ ಒಳಗಿನ ಕವಚ ಹೇಗಿದೆ ಅಂತ ಹೇಳುವ ವಿದ್ಯೆ ನನಗಂತೂ ಗೊತ್ತಿಲ್ಲ. ಪೋರ್ಟಿನ ಕವಚ ಕಳಪೆಯಾಗಿದ್ದರೆ ಕೇಬಲ್ ಬದಲಿಸಿಯೂ ಪ್ರಯೋಜನ ಅಷ್ಟಕ್ಕಷ್ಟೇ. ಕೇಬಲ್‌ಗೆ ಕಚ್ಚಿಸುವ ಆ ಕಪ್ಪು ಫೆರೈಟ್ ಉಂಡೆಗಳು ಹೆಚ್ಚಾಗಿ ಇದಕ್ಕಿಂತ ಬಹಳ ಕೆಳಗಿನ ಆವರ್ತನಗಳಿಗೆ ಮಾಡಿದವು, ಅವುಗಳ ಮೇಲೆ ಹಣ ಹಾಕಬೇಡಿ. ಪ್ಲಗ್ ಸುತ್ತ ಅಲ್ಯುಮಿನಿಯಂ ಹಾಳೆ ಸುತ್ತುವ ಸಲಹೆಯೂ ಓಡಾಡುತ್ತಿದೆ. ಸ್ವಲ್ಪ ಕೆಲಸ ಮಾಡಲೂಬಹುದು, ಆದರೆ ಹಾಳೆಯ ತುಣುಕು ಪೋರ್ಟಿನೊಳಗೆ ಹೋಗಿ ಶಾರ್ಟ್ ಆದರೆ ಮೌಸಿನ ಚಿಂತೆಯ ಜೊತೆ ಮದರ್‌ಬೋರ್ಡಿನ ಚಿಂತೆಯೂ ಸೇರುತ್ತದೆ. ಒಬ್ಬರು ಡಾಂಗಲ್‌ಗೇ ಹಾಳೆ ಸುತ್ತಿ "ಈಗ ಮೌಸ್ ಪೂರ್ತಿ ಸತ್ತಿದೆ" ಅಂತ ತಂದಿದ್ದರು. ಕಿವಿಗೆ ಹತ್ತಿ ತುರುಕಿದರೆ ಇನ್ನೇನಾಗುತ್ತದೆ.

ಇನ್ನೊಂದು ಉಪಾಯ ನನಗೆ ಇಷ್ಟವಾದದ್ದು. ಹಳೆಯ ಮಾದರಿಯ ಪೋರ್ಟಬಲ್ ಡಿಸ್ಕುಗಳಲ್ಲಿ ಎರಡು ಭಾಗವಾಗಿ ಕಾಣುವ ಅಗಲ ಕಿಂಡಿ ಇರುತ್ತದೆಯಲ್ಲ, ಅದರ ದೊಡ್ಡ ಭಾಗಕ್ಕೆ ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ಡೇಟಾ ಕೇಬಲ್ ಸರಿಯಾಗಿ ಕೂರುತ್ತದೆ. ಹಾಗೆ ಹಾಕಿದರೆ ಡಿಸ್ಕ್ ಯುಎಸ್‌ಬಿ 2.0 ವೇಗಕ್ಕೆ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್‌ಗೆ ಇಳಿಯುತ್ತದೆ. 3.0ದ ಆ ಗದ್ದಲ ನಿಂತೇ ಹೋಗುತ್ತದೆ, ಡಾಂಗಲ್ ಪಕ್ಕದಲ್ಲೇ ಇದ್ದರೂ ಸರಿ. ಬೆಲೆ ತೆರಬೇಕಾದದ್ದು ಸಮಯದಲ್ಲಿ. ತಿರುಗುವ ಡಿಸ್ಕಿಗೆ ಸೆಕೆಂಡಿಗೆ 110 ಮೆಗಾಬೈಟ್ ಹೋಗುತ್ತಿದ್ದರೆ 100 ಜಿಬಿ ಕಾಪಿಗೆ ಸುಮಾರು 15 ನಿಮಿಷ. 2.0 ದಾರಿಯಲ್ಲಿ ಅದು ಸೆಕೆಂಡಿಗೆ 35 ಮೆಗಾಬೈಟಿನಷ್ಟಕ್ಕೆ ಬಿದ್ದರೆ ಮುಕ್ಕಾಲು ಗಂಟೆ ಮೀರುತ್ತದೆ. ರೋಜು ಮದುವೆ ಫೋಟೋ ತುಂಬುವವನಿಗೆ ಇದು ಆಗದ ಮಾತು. ಡಿಸ್ಕಿಗೆ ಟ್ಯಾಲಿ ಲೆಕ್ಕದ ಬ್ಯಾಕಪ್ ದಿನಕ್ಕೊಮ್ಮೆ ತೆಗೆಯುವ ಅಕೌಂಟೆಂಟರಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಕೇಬಲ್ ತೀರ ತೆಳುವಾಗಿದ್ದು ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ತಕ್ಷಣ ತೆಗೆಯಿರಿ, ಅದಕ್ಕೆ ಸಾಕಷ್ಟು ವಿದ್ಯುತ್ ಸಿಗುತ್ತಿಲ್ಲ.

ತೊಂದರೆ ವೈಫೈಯಿಂದಾಗಿದ್ದರೆ

ಇಲ್ಲಿ ಎಕ್ಸ್‌ಟೆನ್ಶನ್ ಕೇಬಲ್ ಅರ್ಧ ಮದ್ದು ಮಾತ್ರ. ಪೂರ್ಣ ಮದ್ದು ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಕಳಿಸುವುದು. ಮೌಸ್ ಹೋಗಲಾರದು, ಅದಕ್ಕೆ 2.4 ಬಿಟ್ಟರೆ ಬೇರೆ ಊರಿಲ್ಲ. ವೈಫೈಗೆ ಇದೆ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈನ ಪ್ರಾಪರ್ಟೀಸ್ ತೆರೆದರೆ ನೆಟ್‌ವರ್ಕ್ ಬ್ಯಾಂಡ್ ಯಾವುದು ಅಂತ ಬರೆದಿರುತ್ತದೆ. 2.4 ಅಂತಿದ್ದರೆ ರೌಟರ್ ಕಡೆ ನೋಡಿ. ಈಗಿನ ರೌಟರುಗಳಲ್ಲಿ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಿರುತ್ತಾರೆ, ಲ್ಯಾಪ್‌ಟಾಪ್ ತನಗೆ ತೋಚಿದ್ದಕ್ಕೆ ಅಂಟಿಕೊಳ್ಳುತ್ತದೆ. ಎರಡಕ್ಕೂ ಬೇರೆ ಹೆಸರು ಕೊಟ್ಟು 5ಕ್ಕೆ ಜೋಡಿಸಿ. ಗೋಡೆ ಜಾಸ್ತಿ ಇರುವ ಮನೆಯಲ್ಲಿ 5 ಗಿಗಾಹರ್ಟ್ಸ್ ಬೇಗ ಸುಸ್ತಾಗುತ್ತದೆ. ಹಳೆಯ ಮಣ್ಣುಗೋಡೆಯ ತೊಟ್ಟಿಮನೆಯಾದರೆ ಹೇಳುವುದೇ ಬೇಡ. ಆಗ 2.4ರಲ್ಲೇ ಇದ್ದು ಚಾನೆಲ್ ಬದಲಿಸಿ ನೋಡಬಹುದು. 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ರೌಟರೇ ಇಲ್ಲದೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ನಮ್ಮಲ್ಲಿ ಎಷ್ಟು ಜನ! ಫೋನನ್ನು ಎಲ್ಲಿಡುತ್ತಾರೆ? ಲ್ಯಾಪ್‌ಟಾಪಿನ ಪಕ್ಕ, ಡಾಂಗಲ್‌ಗೆ ಒರಗಿಸಿ. ಫೋನನ್ನು ಮೇಜಿನ ಆ ತುದಿಗೆ ತಳ್ಳಿ. ಆಂಡ್ರಾಯ್ಡ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 5 ಅಂತ ಆರಿಸಿ. ಐಫೋನಿನಲ್ಲಿ "ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ" ಅನ್ನುವ ಗುಂಡಿ ಆನ್ ಆಗಿದ್ದರೆ ಅದು 2.4ಕ್ಕೆ ಇಳಿಯುತ್ತದೆ, ಆಫ್ ಮಾಡಿ.

ಬ್ಲೂಟೂತ್ ಮೌಸ್ ತಂದರೆ ಸರಿಹೋಗುತ್ತದೆಯೇ?

ಅಂಗಡಿಯವರು ಬಹಳ ಧೈರ್ಯವಾಗಿ "ಹೌದು" ಅನ್ನುವ ಪ್ರಶ್ನೆ ಇದು. ನನ್ನ ಉತ್ತರ: ಕೆಲವೊಮ್ಮೆ, ಆದರೆ ಅವರು ಹೇಳುವ ಕಾರಣಕ್ಕಲ್ಲ.

ಬ್ಲೂಟೂತ್ ಕೂಡ ಅದೇ 2.4ರಲ್ಲಿದೆ. ಅದರ ಹೆಚ್ಚುಗಾರಿಕೆ ಕುಪ್ಪಳಿಸುವುದು. ಮೂಲ ಬ್ಲೂಟೂತ್ ಪಟ್ಟಿಯನ್ನು 79 ಚಾನೆಲ್ಲುಗಳಾಗಿ ಸೀಳಿಕೊಂಡು ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಈಗಿನ ಕಡಿಮೆ ವಿದ್ಯುತ್ತಿನ ಬಗೆಯಲ್ಲಿ 40 ಚಾನೆಲ್. ವೈಫೈ ಕೂತಿರುವ ಜಾಗ ಯಾವುದೆಂದು ಗುರುತಿಸಿ ಅದನ್ನು ಬಿಟ್ಟು ಮಿಕ್ಕ ಕಡೆ ಹಾರುವಷ್ಟು ಬುದ್ಧಿ ಇದೆ. ಹಾಗಾಗಿ ಪಕ್ಕದ ಮನೆಯ ವೈಫೈ ಕಾಟಕ್ಕೆ ಬ್ಲೂಟೂತ್ ಒಳ್ಳೆಯ ಉತ್ತರ. ಯುಎಸ್‌ಬಿ 3.0 ಗದ್ದಲಕ್ಕೆ ಅಲ್ಲ. ಅದು ಒಂದು ಮೂಲೆಯಲ್ಲಿ ಕೂತಿಲ್ಲ, ಇಡೀ ಮೈದಾನಕ್ಕೆ ಮಂಜಿನ ಹಾಗೆ ಕವಿದಿದೆ. ಎಲ್ಲಿಗೆ ಹಾರಿದರೂ ಮಂಜೇ.

ಆದರೂ ಲ್ಯಾಪ್‌ಟಾಪಿನವರಿಗೆ ಬ್ಲೂಟೂತ್ ಮೌಸ್ ಎಷ್ಟೋ ಸಲ ಕೆಲಸ ಮಾಡುತ್ತದೆ. ಕಾರಣ ಸರಳ: ಲ್ಯಾಪ್‌ಟಾಪಿನ ಬ್ಲೂಟೂತ್ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನಲ್ಲೋ ಕೀಲಿನ ಹತ್ತಿರವೋ ಇರುತ್ತದೆ, ಯುಎಸ್‌ಬಿ ಪೋರ್ಟಿನಿಂದ ದೂರ. ಮತ್ತೆ ಅದೇ ದೂರದ ಮಹಿಮೆ. ಡೆಸ್ಕ್‌ಟಾಪಿಗೆ ಬ್ಲೂಟೂತ್ ಅಡಾಪ್ಟರ್ ತಂದು ಡಿಸ್ಕಿನ ಪಕ್ಕದ ಪೋರ್ಟಿಗೇ ಚುಚ್ಚಿದರೆ ಹಳೆಯ ಕಥೆ ಮರುಪ್ರಸಾರವಾಗುತ್ತದೆ.

ಬ್ಲೂಟೂತ್‌ಗೆ ತನ್ನದೇ ಒಂದು ಕಾಯಿಲೆಯೂ ಉಂಟು. ಲ್ಯಾಪ್‌ಟಾಪಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ, ಎಷ್ಟೋ ಸಲ ಆಂಟೆನಾ ಕೂಡ ಹಂಚಿಕೊಳ್ಳುತ್ತವೆ. ವೈಫೈ 2.4ರಲ್ಲಿ ಭಾರೀ ಫೈಲು ಇಳಿಸುತ್ತಿದ್ದರೆ ಇವೆರಡೂ ಸರದಿ ಪ್ರಕಾರ ಮಾತಾಡಬೇಕಾಗುತ್ತದೆ. ಜೊತೆಗೆ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೀಟಿಂಗ್ ನಡೆಯುತ್ತಿದ್ದರೆ ಮೌಸಿನ ಸರದಿ ಇನ್ನೂ ಹಿಂದಕ್ಕೆ. ವೈಫೈ 5ಕ್ಕೆ ಹೋಗದೆ ಬ್ಲೂಟೂತ್ ಮೌಸ್ ಕೊಳ್ಳುವುದು ಅರ್ಧ ಕೆಲಸ.

ಡಾಂಗಲ್ ಮೌಸನ್ನೇ ಬೇರೆ ಬ್ರ್ಯಾಂಡಿಗೆ ಬದಲಿಸುವವರಿಗೂ ಒಂದು ಮಾತು. ಲಾಜಿಟೆಕ್ ಒಂದರಲ್ಲೇ 2009ರ ಯೂನಿಫೈಯಿಂಗ್ ಡಾಂಗಲ್, 2021ರ ಬೋಲ್ಟ್ ಡಾಂಗಲ್ ಅಂತ ಎರಡು ಪೀಳಿಗೆಗಳಿವೆ. ಹೊಸದು ಗಿಜಿಗುಡುವ ಆಫೀಸುಗಳಿಗೆಂದೇ ಮಾಡಿದ್ದು, ಸುರಕ್ಷತೆಯಲ್ಲೂ ಮೇಲು. ಆದರೆ ಎರಡೂ 2.4ರವೇ. ಸಾವಿರಾರು ರೂಪಾಯಿಯ ಮೌಸಿನ ಡಾಂಗಲ್ಲನ್ನೂ ಡಿಸ್ಕಿನ ಮಗ್ಗುಲಲ್ಲಿ ಕೂರಿಸಿದರೆ ಅದಕ್ಕೂ ಡೊಳ್ಳೇ ಕೇಳುವುದು.

ವೈರಿನ ಮೌಸ್

ಮೇಜು ಬಿಟ್ಟು ಕದಲದವರಿಗೆ, ಅದರಲ್ಲೂ ದಿನವಿಡೀ ಚಿತ್ರ ತಿದ್ದುವವರಿಗೆ, ಎಲ್ಲಕ್ಕಿಂತ ನೇರ ಉತ್ತರ ಇದೇ. ರೇಡಿಯೋ ಇಲ್ಲ, ಸೆಲ್ ಇಲ್ಲ, ಗದ್ದಲದ ಗೊಡವೆ ಇಲ್ಲ. ಸಾಮಾನ್ಯ ವೈರಿನ ಮೌಸ್ ಕೂಡ ಸೆಕೆಂಡಿಗೆ 125 ಸಲ ತಾನೆಷ್ಟು ಸರಿದೆ ಅಂತ ಹೇಳುತ್ತದೆ, ಎಂಟು ಮಿಲಿಸೆಕೆಂಡಿಗೊಮ್ಮೆ. ಜನ ಇದನ್ನು ಹಿಂದೆ ಹೋದ ಹಾಗೆ ಅಂತ ಯಾಕೆ ಭಾವಿಸುತ್ತಾರೋ ನನಗೆ ಗೊತ್ತಾಗಿಲ್ಲ.

ಎರಡರಲ್ಲೂ ಎಡವಿದವರಿಗೆ

ಟಚ್‌ಪ್ಯಾಡಿನಲ್ಲೂ ಕರ್ಸರ್ ಜಿಗಿದಿದ್ದರೆ ಮೇಲಿನ ಯಾವುದಕ್ಕೂ ಹಣ ಹಾಕಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು, ಡಿಸ್ಕ್ ಯಾವುದು ನೂರಕ್ಕೆ ಹೋಗಿ ಕೂತಿದೆ ನೋಡಿ. ಆಂಟಿವೈರಸ್ ಸ್ಕ್ಯಾನ್ ಆಗಿರಬಹುದು, ಅಪ್‌ಡೇಟ್ ಆಗಿರಬಹುದು. ಎಲ್ಲ ತಣ್ಣಗಿದ್ದೂ ಕರ್ಸರ್ ನಡುನಡುವೆ ನಿಂತರೆ ಯಾವುದೋ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿರಬಹುದು. ಲೇಟೆನ್ಸಿಮಾನ್ ಅನ್ನುವ ಉಚಿತ ತಂತ್ರಾಂಶ ಯಾವ ಡ್ರೈವರ್ ಅಂತ ಬೆರಳು ತೋರಿಸುತ್ತದೆ. ಮಿಕ್ಕಂತೆ, ಕಂಪ್ಯೂಟರಿನ ಕೆಲಸಕ್ಕೂ ತಡವರಿಕೆಗೂ ಸಂಬಂಧವೇ ಕಾಣದಿದ್ದರೆ ಸೆಲ್ ಬದಲಿಸಿ, ಗಾಜಿನ ಮೇಜಾದರೆ ಒಂದು ಪುಸ್ತಕದ ರಟ್ಟು ಹಾಸಿ. ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಮಾತ್ರ ಮೊದಲ ಕ್ಷಣ ಎಡವಿದರೆ ಅದು ಮೌಸು ನಿದ್ದೆಯಿಂದ ಏಳುವ ಹೊತ್ತು, ಕಾಯಿಲೆಯಲ್ಲ.

ತಿಪಟೂರಿನ ಸ್ಟುಡಿಯೋದಲ್ಲಿ ಕೊನೆಗೆ ಎರಡು ಮದ್ದು ಒಟ್ಟಿಗೆ ನಿಂತವು. ಫೋಟೋ ತಿದ್ದುವ ಮೇಜಿಗೆ ವೈರಿನ ಮೌಸ್. ಆಲ್ಬಮ್ ತೋರಿಸಲು ಗಿರಾಕಿಗಳ ಮುಂದೆ ಇಡುವ ಲ್ಯಾಪ್‌ಟಾಪಿಗೆ ಎಕ್ಸ್‌ಟೆನ್ಶನ್ ಕೇಬಲ್, ತುದಿಯ ಡಾಂಗಲನ್ನು ಮೌಸ್ ಪ್ಯಾಡಿನ ಅಂಚಿಗೆ ಸೆಲ್ಲೋಟೇಪಿನಿಂದ ಅಂಟಿಸಿದ್ದಾನೆ. "ಕೆಟ್ಟ" ಮೌಸುಗಳಲ್ಲಿ ಒಂದನ್ನು ನಾನು ಹೊತ್ತುಕೊಂಡು ಬಂದೆ. ಇಷ್ಟು ಹೊತ್ತು ಈ ಬರಹ ತಿದ್ದಿದ್ದು ಅದರಲ್ಲೇ, ಹಾರ್ಡ್ ಡಿಸ್ಕ್ ಮೇಜಿನ ಆ ತುದಿಯಲ್ಲಿ ಕಾಪಿ ಮಾಡಿಕೊಳ್ಳುತ್ತಿರುವಾಗ.